ಏಳು ಮನೆಯ ಕೂಸು

ಅಪರೂಪದ ಕಾಯಿಲೆಯ ಮಕ್ಕಳಿಗಾಗಿ ಇರುವ ಒಂದು ಆ್ಯಪಿಗೆ ಹೆಸರು ನೋಂದಾಯಿಸುವುದು ನನ್ನ ಕೆಲಸ. ಅಂದರೆ ಡಾಕ್ಟರು, ಲ್ಯಾಬಿನವರು, ಮನೆಯವರು ಎಲ್ಲರೂ ಮಗುವಿನ ಒಂದೇ ದಾಖಲೆಯನ್ನು ನೋಡುವ ವ್ಯವಸ್ಥೆ. ಇಷ್ಟು ಹೇಳದಿದ್ದರೆ ಮುಂದಿನದು ಅರ್ಥವಾಗದೇನೋ ಎಂಬ ಅಂಜಿಕೆ ನನಗೆ.

ದಹಿಸರ್‌ನ ಒಂದು ಚಾಳಿನಲ್ಲಿ, ಅಂದರೆ ಒಂದಕ್ಕೊಂದು ಅಂಟಿದ ಸಾಲುಮನೆಗಳಲ್ಲಿ, ಇರುವ ಶಾಂತವ್ವ ಗಾರೆ ಕೆಲಸದವಳು. ಅವಳ ನಾಲ್ಕು ವರ್ಷದ ಮಗಳಿಗೆ ಅಂಥದೊಂದು ಕಾಯಿಲೆ; ಬೇಳೆ, ಹಾಲು ಅಳತೆ ಮೀರಿ ಹೊಟ್ಟೆಗೆ ಹೋದರೆ ಮೆದುಳಿಗೇ ಪೆಟ್ಟು. ಏನು, ಎಷ್ಟು ಕೊಡಬೇಕೆಂಬ ಪಟ್ಟಿ ಪಾಲಕರ ಫೋನಿಗೆ ಬರುತ್ತದೆ.

“ಪಾಲಕರು ಅಂತ ಒಬ್ಬರ ಹೆಸರು ಮಾತ್ರ ಹಾಕಬಹುದು, ಶಾಂತವ್ವಾ,” ಎಂದೆ.

“ಒಬ್ಬರದಾ? ನಾ ಕೆಲಸಕ್ಕ ಹೋದ್ರ ಕೂಸು ಆರು ಮನ್ಯಾಗ ಉಣ್ತದ್ರೀ ಅಕ್ಕಾರ. ನಿಮ್ಮ ಆ್ಯಪಿಗೆ ಚಾಳ ಅಂದ್ರ ಏನಂತ ಗೊತ್ತಿಲ್ಲೇನು?”

ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಮರಾಠಿ ಅಜ್ಜಿ ತಮ್ಮ ಹೆಸರೂ ಸೇರಲಿ ಎಂದು ತಮ್ಮ ಫೋನನ್ನು ನನ್ನ ಕೈಗಿಟ್ಟರು.

ಜಗಳ ಎಂದರೆ ಹೆದರುವ ನಾನು ಕಚೇರಿಯಲ್ಲಿ ಜಗಳವಾಡಿದೆ. ಕೊನೆಗೆ ಶಾಂತವ್ವನದೂ ಸೇರಿ ಏಳು ಹೆಸರಿಗೂ ಜಾಗವಾಯಿತು.

ಮುಂದಿನ ರಕ್ತಪರೀಕ್ಷೆಯಲ್ಲಿ ಎಲ್ಲವೂ ಸರಿಯಾಗಿತ್ತು. ಆ ಸಂದೇಶ ಏಳು ಫೋನಿಗೂ ಹೋಯಿತು. ಏಳು ಮಂದಿಯೂ ನನಗೆ ಫೋನ್ ಮಾಡಿ, ಇದು ತಮ್ಮ ಮನೆಯ ಅಡುಗೆಯ ಗುಣ ಎಂದರು. ನಾನು ಏಳು ಸಲವೂ ಹೌದೆಂದೆ.