ಏಳನೇ ಅಧ್ಯಾಯದ ಕುದುರೆ

ಗೆಳೆಯರೇ, ನಾನು ಸಾಯಿಸಿದ ಕುದುರೆಯ ವಿಷಯಕ್ಕೆ ಇವತ್ತು ಬೆಳಿಗ್ಗೆ ಒಬ್ಬರು ಜಗಳಕ್ಕೆ ಬಂದಿದ್ದರು.

ಬಸವಕಲ್ಯಾಣದಲ್ಲಿ ಪಶುವೈದ್ಯನಾಗಿದ್ದು, ನಿವೃತ್ತಿಯ ನಂತರ ನಾನು ಬರೆದ ಐತಿಹಾಸಿಕ ಕಾದಂಬರಿಯಲ್ಲಿ ಸೇನಾಪತಿಯ ಕುದುರೆ ಹೊಟ್ಟೆನೋವಿನಿಂದ ದಾರಿಯಲ್ಲೇ ಸಾಯುತ್ತದೆ. ಸಾಯದಿದ್ದರೆ ಅವನು ಹೊತ್ತಿಗೆ ಸರಿಯಾಗಿ ಕೋಟೆ ಸೇರುತ್ತಾನೆ, ಕಥೆಯೇ ಇರುವುದಿಲ್ಲ.

ಬಂದವರು ಮಂಠಾಳದ ರೈತ ಶರಣಪ್ಪ. ಮಗಳು ಪುಸ್ತಕ ಓದಿ ಹೇಳಿದ್ದಾಳೆ.

“ನಮ್ಮ ಎಮ್ಮಿಗಿ ಹೊಟ್ಟಿಬ್ಯಾನಿ ಬಂದಾಗ ಉಳಿಸಿದ್ರಿ. ಕುದುರಿ ಯಾಕ ಉಳಿಸ್ಲಿಲ್ರಿ, ಡಾಕ್ಟರ್ ಸಾಹೇಬ್ರ?”

“ಆ ಕಾಲದಾಗ ನಾ ಎಲ್ಲಿದ್ದೆನ್ರಿ, ಶರಣಪ್ಪ?”

“ಬರದವ್ರು ನೀವೇ ಅಲ್ರಿ? ಒಂದೀಟು ಕಷಾಯನಾರ ಕುಡಸ್ಬೇಕಿತ್ತು.”

ಹೊರಗೆ ಟೆಂಪೋದಲ್ಲಿ ಅದೇ ಎಮ್ಮೆ ನಿಂತಿತ್ತು. ಎರಡು ದಿನದಿಂದ ಮೇವು ಮುಟ್ಟಿಲ್ಲವಂತೆ. ನೋಡಲು ಎದ್ದೆ. ಶರಣಪ್ಪ ಕೈ ಅಡ್ಡ ಹಿಡಿದರು.

“ಬ್ಯಾಡ್ರಿ. ಹುಮನಾಬಾದಿನ ಡಾಕ್ಟರ್ ಕಡಿ ಒಯ್ಯಾಕತ್ತೇನಿ. ನಿಮಗೀಗ ಸಾಯ್ಸೋದು ರೂಢಿ ಆಗ್ಯಾದ.”

ಸಂಜೆ ಅವರೇ ಫೋನ್ ಮಾಡಿದರು, ಎಮ್ಮೆ ಮೇವು ತಿಂದಿತಂತೆ. ನಾನು ಮಾತ್ರ ಇನ್ನೂ ಏಳನೇ ಅಧ್ಯಾಯ ತೆರೆದು ಕೂತಿದ್ದೇನೆ. ಆ ಕುದುರೆಗೆ ಯಾವ ಔಷಧ ಕೊಡಬೇಕಿತ್ತೆಂದು ನನಗೆ ಚೆನ್ನಾಗಿ ಗೊತ್ತು. ಕೊಟ್ಟಿದ್ದರೆ ಸೇನಾಪತಿ ಕೋಟೆ ಸೇರುತ್ತಿದ್ದ; ಆಮೇಲೆ ಅಲ್ಲಿನ ಕಾಳಗದಲ್ಲಿ ಯಾರ್‍ಯಾರು ಸಾಯುತ್ತಿದ್ದರೋ, ಅದು ಗೊತ್ತಿಲ್ಲ.