ಗುಡ್ಡಳ್ಳಿಯಲ್ಲಿ ನಾನು ಮುಟ್ಟಿದ ತುದಿ

ಗೆಳೆಯರೇ, ಇಂದು ಹೊಸ ಬೂಟು ಹಾಕಿಕೊಂಡು ಕಾರವಾರದ ಗುಡ್ಡಳ್ಳಿ ಶಿಖರ ಏರಲು ಹೋಗಿದ್ದೆ. "ಈ ಹೊಟ್ಟೆ ಹೊತ್ಕಂಡು ನೀವು ಗುಡ್ಡ ಹತ್ತೂದಾ?" ಎಂದು ಭಾವಿಕೇರಿಯ ಮಾವ ನಿನ್ನೆಯೇ ನಕ್ಕಿದ್ದರು. ಎರಡು ತಾಸು ಏದುಸಿರು ಬಿಟ್ಟ ಮೇಲೆ ಒಂದು ಬಯಲು ಸಿಕ್ಕಿತು, ಕೆಳಗೆ ಕಡಲೂ ಕಂಡಿತು. ಬಂಡೆಯ ಮೇಲೆ ಕುಳಿತು ಸೆಲ್ಫಿ ತೆಗೆದು, 'ತುದಿ ಮುಟ್ಟಿದೆ' ಎಂದು ಅವರಿಗೆ ಕಳಿಸಿದೆ.

ಅಷ್ಟರಲ್ಲಿ ಎಮ್ಮೆ ಹುಡುಕುತ್ತ ಬಂದ ಅಜ್ಜಿಯೊಬ್ಬರು ಕೇಳಿದರು, "ಇಲ್ಲೆಂತಕ್ಕೆ ಕುಂತ್ಯೋ ತಮಾ? ತುದಿ ಇನ್ನೂ ಮೇಲದೆ."

"ಹಾಗಾರೆ ಇದೆಂತದು?" ಎಂದೆ.

"ಇದು ನಮ್ಮ ಎಮ್ಮೆ ಮಲ್ಗೂ ಜಾಗ."

ತಲೆ ಎತ್ತಿ ನೋಡಿದೆ. ನಿಜವಾದ ತುದಿ ಮೋಡದೊಳಗಿತ್ತು. ಅಜ್ಜಿಯ ಹತ್ತಿರ ಇಳಿಯುವ ದಾರಿ ಕೇಳಿಕೊಂಡು ಬಂದುಬಿಟ್ಟೆ.

ಈಗ ಮಾವ ಆ ಫೋಟೋವನ್ನು ಕೇರಿಗೆಲ್ಲ ತೋರಿಸಿ, "ನಮ್ಮ ಅಳಿಯ!" ಎನ್ನುತ್ತಿದ್ದಾರಂತೆ. ಪುಣ್ಯಕ್ಕೆ ಅವರು ಫೇಸ್‌ಬುಕ್ಕಿನಲ್ಲಿಲ್ಲ. ಭಾವಿಕೇರಿಯ ಗೆಳೆಯರು ದಯವಿಟ್ಟು ಲೈಕ್ ಒತ್ತಿ ಸುಮ್ಮನಿರಿ.