ತೂಕದ ಮೆಷಿನ್ ಮೇಲೆ ನಿಂತ ನಾಗರತ್ನ

ಗೆಳೆಯರೇ, ಇವತ್ತು ಚೆನ್ನೈಯ ಅಂಬತ್ತೂರಿನ ನಮ್ಮ ಆಫೀಸಿನಲ್ಲಿ ಆರೋಗ್ಯ ಶಿಬಿರವಿತ್ತು. ಊಟದ ಹಾಲ್ ಬಾಗಿಲಲ್ಲೇ ತೂಕದ ಮೆಷಿನ್ ಇಟ್ಟು, ಮ್ಯಾನೇಜರ್ ಮುರಳಿ ಸಾರ್ ಒಬ್ಬೊಬ್ಬರ ತೂಕವನ್ನೂ ಗಟ್ಟಿಯಾಗಿ ಓದುತ್ತಿದ್ದರು. ಮೈಸೂರಿನ ಒಳ್ಳೆಯ ಮನುಷ್ಯ, ಪಾಪ. ಹಾಗೆ ಓದಿದರೆ ನಮಗೆಲ್ಲ ಹುರುಪು ಬರುತ್ತದೆ ಎಂದುಕೊಂಡಿದ್ದರು.

ಗ್ರಾಹಕರ ಫೋನ್ ತೆಗೆದುಕೊಳ್ಳುವ ನಾಗರತ್ನ ಮೆಷಿನ್ ಹತ್ತಿದಳು.

"ತೊಂಬತ್ತೆರಡು!"

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅವಳ ಮುಖ ಕೆಂಪಾಯಿತು, ಆದರೆ ಕೆಳಗಿಳಿಯಲಿಲ್ಲ. ಚೆನ್ನೈಯಲ್ಲೇ ಬೆಳೆದ ಅವಳ ಕನ್ನಡದ ತುಂಬ ತಮಿಳು.

"ಸಾರ್, ಕೊಂಜ ಇರಿ. ದಿನಾ ಒಂಬತ್ತು ಗಂಟೆ ಹೆಡ್‌ಫೋನ್ ಹಾಕ್ಕೊಂಡು ಕೂತಿರ್ತೀನಿ. ಎದ್ದು ನಿಲ್ಲಕ್ಕೂ ನಿಮ್ ಪರ್ಮಿಷನ್ ಬೇಕು. ಊಟಕ್ಕೆ ಇಪ್ಪತ್ತೇ ನಿಮಿಷ. ಫಸ್ಟ್ ನಡೆಯಕ್ಕೆ ಟೈಮ್ ಕೊಡಿ ಸಾರ್, ಅಪ್ಪುರಂ ತೂಕ ನೋಡಿ."

ಅವಳ ಕೆಲಸ ಹೋಯಿತೆಂದೇ ನಾನು ಹೆದರಿದೆ. ಮುರಳಿ ಸಾರ್ ಕೈಯಲ್ಲಿದ್ದ ಪಟ್ಟಿಯನ್ನು ಮಡಚಿ ಜೇಬಿಗಿಟ್ಟುಕೊಂಡರು.

"ತಪ್ಪಾಯ್ತಮ್ಮ. ತೂಕ ನೋಡ್ಕೋಬೇಕು ಅನ್ನೋರು ಡಾಕ್ಟರ್ ರೂಮಲ್ಲಿ ನೋಡ್ಕೊಳ್ಳಲಿ. ಇವತ್ತಿಂದ ಊಟಕ್ಕೆ ಮುಕ್ಕಾಲು ಗಂಟೆ," ಎಂದರು.

ಊಟ ಮುಗಿಸಿ ನಾನೂ ನಾಗರತ್ನಳೂ ಕಟ್ಟಡವನ್ನು ಒಂದು ಸುತ್ತು ಹಾಕಲು ಹೊರಟೆವು. ಅವಳು ಹಿಡಿದಿದ್ದ ನನ್ನ ಕೈ ಬಿಡಲೇ ಇಲ್ಲ. ಅಷ್ಟರಲ್ಲಿ ಹಿಂದಿನಿಂದ ಮುರಳಿ ಸಾರ್ "ನಾನೂ ಬರ್ಲಾ?" ಎನ್ನುತ್ತಾ ಸೇರಿಕೊಂಡರು. ಅರ್ಧ ಸುತ್ತಿಗೇ ಏದುಸಿರು ಬಿಡುತ್ತಾ ಬೇವಿನ ಮರಕ್ಕೆ ಒರಗಿ ನಿಂತರು.

ಅವರ ತೂಕ ಎಷ್ಟೆಂದು ನಾವು ಕೇಳಲಿಲ್ಲ.